ಲಷ್ಕರ್ ಮೊಹಲ್ಲಾ: ಬಸ್ ಇಳಿದು ತಲೆ ಎತ್ತಿದರೆ ಕಾಣುವ ಚರಿತ್ರೆ

ಮೈಸೂರಿನ ಸಬರ್ಬನ್ ಬಸ್ ನಿಲ್ದಾಣದಲ್ಲಿ ಇಳಿದ ನಮ್ಮಂಥ ಹಳ್ಳಿಯವರು ಮೊದಲು ನೋಡುವುದು ನೆಲವನ್ನು. ಚೀಲ ಸರಿಯಾಗಿದೆಯಾ, ಮಗು ಕೈ ಹಿಡಿದಿದೆಯಾ, ಆಟೋದವರು ಎಷ್ಟು ಕೇಳುತ್ತಾರೆ, ಇದರಲ್ಲೇ ಗಮನ. ಅಲ್ಲಿಂದ ಕೆ.ಆರ್. ಆಸ್ಪತ್ರೆಗೋ, ಅಶೋಕ ರಸ್ತೆಯ ಒಡವೆ ಅಂಗಡಿಗೋ, ದೇವರಾಜ ಮಾರುಕಟ್ಟೆಗೋ ಹೋಗಿ, ಕೆಲಸ ಮುಗಿಸಿ, ಸಂಜೆ ಬಸ್ಸಿಗೆ ಸೀಟು ಹಿಡಿದರೆ ಮೈಸೂರಿನ ಪ್ರಯಾಣ ಮುಗಿಯಿತು. ಶಾಲೆಯಿಂದ ಟ್ರಿಪ್ಪಿಗೆ ಬಂದಾಗ ಅರಮನೆ ನೋಡಿದ್ದೇವೆ, ಫಿಲೋಮಿನಾ ಚರ್ಚ್ ಮುಂದೆ ನಿಂತು ಫೋಟೋ ತೆಗೆಸಿಕೊಂಡಿದ್ದೇವೆ. ಆದರೆ ಅರಮನೆಗೂ ಚರ್ಚಿಗೂ ನಡುವೆ ಇರುವ ಸುಮಾರು ಎರಡು ಕಿಲೋಮೀಟರ್ ಜಾಗವನ್ನು ನಾವು ಬಸ್ಸಿನ ಕಿಟಕಿಯಿಂದ ಮಾತ್ರ ಕಂಡವರು. ಆ ಜಾಗದ ಬಹುಪಾಲು ಲಷ್ಕರ್ ಮೊಹಲ್ಲಾ.

ಓದುವಾಗ ಐದು ವರ್ಷ ಇದೇ ರಸ್ತೆಗಳಲ್ಲಿ ಓಡಾಡಿದ ನಮಗೂ ಇಲ್ಲಿ ಏನಿದೆ ಎಂದು ಗೊತ್ತಿರಲಿಲ್ಲ. ಈಚೆಗೆ ಒಂದು ಭಾನುವಾರ ಮೂವರು ಸೇರಿ ಬೆಳಿಗ್ಗೆ ಬೇಗ ನಡೆಯಲು ಶುರುಮಾಡಿದೆವು. ಕಂಡದ್ದನ್ನು, ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಹೆಸರಿನಿಂದಲೇ ಶುರು ಮಾಡೋಣ. ‘ಲಷ್ಕರ್’ ಪಾರಸಿ ಮಾತು. ಸೈನ್ಯ, ಸೈನ್ಯ ಬೀಡುಬಿಟ್ಟ ಜಾಗ ಎಂದು ಅರ್ಥ. ಬೆಂಗಳೂರಿನ ಕಂಟೋನ್ಮೆಂಟನ್ನು ನಮ್ಮ ಅಜ್ಜಂದಿರು ‘ದಂಡು’ ಅನ್ನುತ್ತಿದ್ದರಲ್ಲ, ಅದೇ ಅರ್ಥ. ಹೈದರಾಬಾದ್ ಪಕ್ಕದ ಸಿಕಂದರಾಬಾದಿಗೂ ಲಷ್ಕರ್ ಎಂಬ ಹೆಸರಿದೆ. ‘ಮೊಹಲ್ಲಾ’ ಅಂದರೆ ಕೇರಿ. ಹಳೆಯ ಮೈಸೂರು ಕೋಟೆ, ಲಷ್ಕರ್, ದೇವರಾಜ, ಕೃಷ್ಣರಾಜ, ಮಂಡಿ, ಚಾಮರಾಜ, ನಜರ್‌ಬಾದ್ ಎಂದು ಏಳು ಮೊಹಲ್ಲಾಗಳಾಗಿ ಹಂಚಿಕೊಂಡಿತ್ತು. ರಾಜರ ಹೆಸರಿನ ಮೊಹಲ್ಲಾಗಳ ನಡುವೆ ಇದೊಂದು ದಂಡಿನ ಹೆಸರು ಇಟ್ಟುಕೊಂಡು ಕೂತಿದೆ. ದಂಡು ಹೋಗಿದೆ. ಅದರ ಜಾಗದಲ್ಲಿ ಚಿನ್ನದ ಅಂಗಡಿ, ಗಿರವಿ ಅಂಗಡಿ, ಮಸೀದಿ, ಚರ್ಚು, ಅಂಚೆ ಕಚೇರಿ, ಬಿರಿಯಾನಿ ಹೋಟೆಲು ಎಲ್ಲ ಬಂದಿವೆ.

ಇಂದಿನ ಮೈಸೂರು ನಗರ ಬೆಳೆದದ್ದು 1799ರ ನಂತರ. ಅದಕ್ಕೂ ಮುಂಚೆ ಅಧಿಕಾರವೆಲ್ಲ ಶ್ರೀರಂಗಪಟ್ಟಣದಲ್ಲಿತ್ತು. ಟಿಪ್ಪು ಸುಲ್ತಾನ್ ಮೈಸೂರಿನ ಹಳೆಯ ಕೋಟೆಯನ್ನು ಕೆಡವಿಸಿ, ಪೂರ್ವಕ್ಕೆ ನಜರ್‌ಬಾದಿನಲ್ಲಿ ಹೊಸ ಕೋಟೆ ಕಟ್ಟಿಸಲು ಹೊರಟಿದ್ದ. 1799ರ ಮೇ 4ರಂದು ಅವನು ಯುದ್ಧದಲ್ಲಿ ಸತ್ತ. ಜೂನ್ 30ಕ್ಕೆ ಐದು ವರ್ಷದ ಹುಡುಗ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಮೈಸೂರಿನಲ್ಲಿ ಪಟ್ಟವಾಯಿತು. ನಜರ್‌ಬಾದಿಗೆ ಹೋಗಿದ್ದ ಕಲ್ಲುಗಳನ್ನು ಮತ್ತೆ ತಂದು ಮೈಸೂರು ಕೋಟೆಯನ್ನು ಕಟ್ಟಿದರು. ರಾಜಧಾನಿ ಬಂದ ಮೇಲೆ ಬ್ರಿಟಿಷ್ ಅಧಿಕಾರಿಗಳೂ ಅವರ ಸಿಪಾಯಿಗಳೂ ಬಂದರು. ಬಸ್ ನಿಲ್ದಾಣದ ಸುತ್ತಮುತ್ತ ಇರುವ ಹಳೆಯ ಕಟ್ಟಡಗಳು ಆ ಕಾಲದವು.

ನಿಲ್ದಾಣದಿಂದ ಹೊರಗೆ ಬಂದು ಬೆಂಗಳೂರು–ನೀಲಗಿರಿ ರಸ್ತೆಗೆ ಕಾಲಿಟ್ಟರೆ ಸಂತ ಬಾರ್ತಲೋಮಿಯೊ ಚರ್ಚ್ ಸಿಗುತ್ತದೆ. 1830ರ ದಶಕದ ಆರಂಭದ್ದು. ಮೈಸೂರಿನಲ್ಲಿದ್ದ ಇಂಗ್ಲಿಷರ ಪ್ರಾರ್ಥನೆಗಾಗಿ ಕಟ್ಟಿದ್ದು. ಫಿಲೋಮಿನಾ ಚರ್ಚಿಗೆ ಹೋಲಿಸಿದರೆ ಬಹಳ ಚಿಕ್ಕದು. ಅದರ ಮುಂದೆ ದಿನಕ್ಕೆ ಸಾವಿರಾರು ಜನ ಬಸ್ಸಿಗೆ ಓಡುತ್ತಾರೆ. ನಾವೂ ಎಷ್ಟೋ ಸಲ ಓಡಿದ್ದೇವೆ, ಅದು ಯಾರದೋ ದೊಡ್ಡ ಮನೆ ಇರಬೇಕು ಅಂದುಕೊಂಡು.

ಅಲ್ಲಿಂದ ಇರ್ವಿನ್ ರಸ್ತೆಗೆ ಬಂದರೆ ವೆಲ್ಲಿಂಗ್ಟನ್ ಹೌಸ್. ನಮಗೆ ಬಹಳ ಇಷ್ಟವಾದದ್ದು ಇದು. ಮೈಸೂರಿನಲ್ಲಿ ಉಳಿದಿರುವ ತೀರಾ ಹಳೆಯ ಕಟ್ಟಡಗಳಲ್ಲಿ ಒಂದು. ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿ ಸೇನಾಧಿಕಾರಿಯಾಗಿ ನಿಂತ ಕರ್ನಲ್ ಆರ್ಥರ್ ವೆಲ್ಲೆಸ್ಲಿ ಮೈಸೂರಿಗೆ ಬಂದಾಗ ಇಲ್ಲಿ ಇರುತ್ತಿದ್ದ ಎಂಬುದು ರೂಢಿಯ ಮಾತು. 1815ರಲ್ಲಿ ವಾಟರ್ಲೂ ಯುದ್ಧದಲ್ಲಿ ನೆಪೋಲಿಯನ್ನನ್ನು ಸೋಲಿಸಿದ್ದು ಇದೇ ಮನುಷ್ಯ. ಆದರೆ ಒಂದು ಸಣ್ಣ ವಿಷಯ ಗಮನಿಸಿ. ಅವನಿಗೆ ‘ವೆಲ್ಲಿಂಗ್ಟನ್’ ಎಂಬ ಬಿರುದು ಬಂದದ್ದು 1809ರಲ್ಲಿ, ಭಾರತ ಬಿಟ್ಟು ಹೋದ ನಾಲ್ಕು ವರ್ಷದ ಮೇಲೆ. ಅಂದರೆ ಅವನು ಇಲ್ಲಿದ್ದಾಗ ಈ ಮನೆಗೆ ಈ ಹೆಸರು ಇರಲು ಸಾಧ್ಯವೇ ಇಲ್ಲ. ಊರಿನಲ್ಲಿ ಒಬ್ಬ ಹುಡುಗ ದೊಡ್ಡ ಸಾಹೇಬನಾದ ಮೇಲೆ ಅವನು ಓದಿದ ಶಾಲೆಗೆ ಅವನ ಹೆಸರು ಬರುತ್ತದಲ್ಲ, ಹಾಗೆ ಬಂದ ಹೆಸರು ಇದು.

ವೆಲ್ಲೆಸ್ಲಿ ಅಂದರೆ ನಮ್ಮ ಕಡೆಯವರಿಗೆ ಇನ್ನೊಂದು ಕಥೆ ನೆನಪಾಗಬೇಕು. ಚನ್ನಗಿರಿಯಲ್ಲಿ ಹುಟ್ಟಿದ ಧೋಂಡಿಯಾ ವಾಘ್ ಶ್ರೀರಂಗಪಟ್ಟಣದ ಸೆರೆಯಿಂದ ತಪ್ಪಿಸಿಕೊಂಡು, ದಂಡು ಕಟ್ಟಿ, ಬ್ರಿಟಿಷರನ್ನು ತಿಂಗಳುಗಟ್ಟಲೆ ಓಡಾಡಿಸಿದ. 1800ರ ಸೆಪ್ಟೆಂಬರ್ 10ರಂದು ವೆಲ್ಲೆಸ್ಲಿಯ ಕುದುರೆ ಸೈನ್ಯದ ಎದುರು ಹೋರಾಡಿ ಸತ್ತ. ಅವನ ಬೀಡಿನಲ್ಲಿ ಸಲಾಬತ್ ಖಾನ್ ಎಂಬ ಪುಟ್ಟ ಮಗ ಸಿಕ್ಕಿದ. ಆ ಮಗುವನ್ನು ವೆಲ್ಲೆಸ್ಲಿಯೇ ಸಾಕಲು ತೆಗೆದುಕೊಂಡ. ದೇಶ ಬಿಡುವಾಗ ಅವನ ಪೋಷಣೆಗೆ ಹಣ ಇಟ್ಟು ಹೋದ. ಆ ಹುಡುಗ ಬೆಳೆದು ಮೈಸೂರು ಮಹಾರಾಜರ ಸೇವೆಗೆ ಸೇರಿ, 1822ರಲ್ಲಿ ಕಾಲರಾದಿಂದ ತೀರಿಕೊಂಡ. ಅಪ್ಪನನ್ನು ಕೊಂದವನ ಹಣದಲ್ಲಿ ಬೆಳೆದವನು ಆ ಉಪಕಾರವನ್ನು ಹೇಗೆ ನೆನೆಯುತ್ತಿದ್ದನೋ. ವೆಲ್ಲಿಂಗ್ಟನ್ ಹೌಸ್ ಮುಂದೆ ನಿಂತಾಗ ನಮಗೆ ನೆಪೋಲಿಯನ್ ನೆನಪಾಗಲಿಲ್ಲ, ಈ ಹುಡುಗ ನೆನಪಾದ.

ಈಗ ಈ ಮನೆಯಲ್ಲಿ ಭೋಪಾಲದ ಇಂದಿರಾ ಗಾಂಧಿ ರಾಷ್ಟ್ರೀಯ ಮಾನವ ಸಂಗ್ರಹಾಲಯದ ದಕ್ಷಿಣ ಭಾರತದ ಕೇಂದ್ರವಿದೆ. ಬುಡಕಟ್ಟು ಜನರ, ಹಳ್ಳಿಗರ ಬದುಕಿನ ವಸ್ತುಗಳನ್ನು ಕಾಪಾಡುವ ಸಂಸ್ಥೆ ಅದು. ಸೇನಾಧಿಕಾರಿಯ ಮನೆ ಕೊನೆಗೆ ಬುಟ್ಟಿ ಹೆಣೆಯುವವರ, ಬೇಟೆ ಆಡುವವರ ವಸ್ತುಗಳಿಗೆ ಆಸರೆ ಆಯಿತು. ನಮ್ಮ ಮಟ್ಟಿಗೆ ಹಳೆಯ ಕಟ್ಟಡಕ್ಕೆ ಇದಕ್ಕಿಂತ ಒಳ್ಳೆಯ ಉಪಯೋಗ ಇಲ್ಲ.

ಮೊಹಲ್ಲಾದ ಗಡಿ ದಾಟಿ ನಜರ್‌ಬಾದ್ ಕಡೆ ಹೋದರೆ ಸರ್ಕಾರಿ ಅತಿಥಿಗೃಹ, ಹಳೆಯ ‘ಗವರ್ನಮೆಂಟ್ ಹೌಸ್’ ಇದೆ. ಮೈಸೂರಿನ ಚರಿತ್ರೆ ಬರೆದ ರೆಸಿಡೆಂಟ್ ಮಾರ್ಕ್ ವಿಲ್ಕ್ಸ್ 1805ರಲ್ಲಿ ಶುರು ಮಾಡಿಸಿದ್ದು. ಇದರ ದೊಡ್ಡ ಊಟದ ಸಭಾಂಗಣಕ್ಕೆ ನಡುವೆ ಒಂದು ಕಂಬವೂ ಇಲ್ಲ. ಕಟ್ಟಿದವನು ಡಿ ಹ್ಯಾವಿಲೆಂಡ್ ಎಂಬ ಸೇನಾ ಇಂಜಿನಿಯರ್. ಇವನದೇ ಇನ್ನೊಂದು ಸಾಹಸ ಶ್ರೀರಂಗಪಟ್ಟಣದಲ್ಲಿತ್ತು. ಕಾವೇರಿಗೆ ಅಗಲವಾದ ಇಟ್ಟಿಗೆ ಕಮಾನಿನ ಸೇತುವೆ ಕಟ್ಟಬಹುದು ಎಂದು ತೋರಿಸಲು 1808ರಲ್ಲಿ 100 ಅಡಿಗೂ ಅಗಲದ ಒಂದೇ ಕಮಾನನ್ನು ಬಯಲಲ್ಲಿ ಎಬ್ಬಿಸಿದ. ಅದು ಸಿಮೆಂಟು, ಕಬ್ಬಿಣ ಏನೂ ಇಲ್ಲದೆ 1937ರವರೆಗೆ ನಿಂತಿತ್ತು.

ಮತ್ತೆ ಇರ್ವಿನ್ ರಸ್ತೆಗೆ ವಾಪಸ್. ಇರ್ವಿನ್ ಎಂಬುದು 1926ರಿಂದ 1931ರವರೆಗೆ ವೈಸ್‌ರಾಯ್ ಆಗಿದ್ದವನ ಹೆಸರು. ಈ ರಸ್ತೆಯ ಪಶ್ಚಿಮದ ತುದಿಯಲ್ಲಿ ಕೆ.ಆರ್. ಆಸ್ಪತ್ರೆ ಮತ್ತು ಮೈಸೂರು ವೈದ್ಯಕೀಯ ಕಾಲೇಜು ಇವೆ. ಕಾಲೇಜು 1924ರಲ್ಲಿ ಬೆಂಗಳೂರಿನಲ್ಲಿ ಶುರುವಾಗಿ 1930ರಲ್ಲಿ ಮೈಸೂರಿಗೆ ಬಂತು. ನಮ್ಮ ರಾಜ್ಯದ ಮೊದಲ ವೈದ್ಯಕೀಯ ಕಾಲೇಜು ಇದು. ಇಲ್ಲಿ ವಾರಗಟ್ಟಲೆ ಕಾದು ಕೂತವರು ನಮ್ಮ ಓದುಗರಲ್ಲಿ ಬಹಳ ಜನ ಇದ್ದೀರಿ, ಕಟ್ಟಡದ ಅಂದ ನೋಡುವ ಮನಸ್ಸು ಆಗ ಇರುವುದಿಲ್ಲ. ಅದಕ್ಕೆ ಹೆಚ್ಚು ಹೇಳುವುದಿಲ್ಲ.

ಇರ್ವಿನ್ ರಸ್ತೆಯನ್ನು ಅಶೋಕ ರಸ್ತೆ ದಾಟುವಲ್ಲಿ ಬಲಕ್ಕೆ, ಉತ್ತರಕ್ಕೆ ತಿರುಗಿ. ನೇರ ಮುಂದೆ ಫಿಲೋಮಿನಾ ಚರ್ಚಿನ ಎರಡು ಗೋಪುರ. ಇದು ಗೊತ್ತಿಲ್ಲದ ಕಟ್ಟಡ ಅಲ್ಲ, ಆದರೆ ಇದರ ಕಥೆ ಗೊತ್ತಿರುವವರು ಕಡಿಮೆ. ಮೊದಲನೆಯದಾಗಿ, ಇದಕ್ಕೂ ಮುಂಚೆ ಇದೇ ಜಾಗದಲ್ಲಿ 1843ರಲ್ಲಿ ಮುಮ್ಮಡಿಯವರ ಕಾಲದಲ್ಲಿ ಕಟ್ಟಿದ ಚರ್ಚ್ ಇತ್ತು. ಎರಡನೆಯದು, ಈ ಫಿಲೋಮಿನಾ ಯಾರು ಎಂಬ ಪ್ರಶ್ನೆ.

ಅದಕ್ಕೆ ಇಟಲಿಗೆ ಹೋಗಬೇಕು. ರೋಮ್ ನಗರದ ಅಡಿಯಲ್ಲಿ ಹಳೆಯ ಕಾಲದ ಕ್ರೈಸ್ತರು ಹೆಣ ಹೂಳುತ್ತಿದ್ದ ಸುರಂಗಗಳಿವೆ. ಅಂಥ ಒಂದು ಸುರಂಗದಲ್ಲಿ 1802ರ ಮೇ ತಿಂಗಳಲ್ಲಿ ಒಂದು ಗೂಡು ತೆರೆದರು. ಮೂರು ಸುಟ್ಟ ಮಣ್ಣಿನ ಹೆಂಚುಗಳಿಂದ ಅದನ್ನು ಮುಚ್ಚಿದ್ದರು. ಹೆಂಚುಗಳ ಮೇಲೆ ಅಕ್ಷರ ಬರೆದಿತ್ತು. ಇದ್ದ ಹಾಗೆ ಓದಿದರೆ ಅರ್ಥವಾಗಲಿಲ್ಲ. ಮೊದಲ ಹೆಂಚನ್ನು ಕೊನೆಗೆ ಇಟ್ಟಾಗ ‘ಫಿಲೋಮಿನಾ, ನಿನಗೆ ಶಾಂತಿ’ ಎಂಬ ಅರ್ಥ ಬಂತು. ಒಳಗೆ ಎಳೆಯ ಹುಡುಗಿಯದು ಎನ್ನಲಾದ ಮೂಳೆಗಳಿದ್ದವು. ಆ ಅವಶೇಷಗಳನ್ನು ನೇಪಲ್ಸ್ ಹತ್ತಿರದ ಒಂದು ಹಳ್ಳಿಯ ಚರ್ಚಿಗೆ ಒಯ್ದರು. ಅಲ್ಲಿಂದ ಅವಳ ಭಕ್ತಿ ಲೋಕವೆಲ್ಲ ಹರಡಿತು. ಮುಂದೆ ಪಂಡಿತರು ಬೇರೆ ಮಾತು ತೆಗೆದರು: ಹೆಂಚು ತಲೆಕೆಳಗಾದ ಕ್ರಮದಲ್ಲಿದ್ದುದರಿಂದ ಅವು ಬೇರೆ ಗೋರಿಯವು, ಮತ್ತೆ ಬಳಸಿದವು ಇರಬಹುದು, ಮೂಳೆಗೂ ಹೆಸರಿಗೂ ಸಂಬಂಧ ಇದೆಯೋ ಇಲ್ಲವೋ ಎಂದು. 1961ರಲ್ಲಿ ವ್ಯಾಟಿಕನ್ ಅವಳ ಹಬ್ಬವನ್ನು ಪಂಚಾಂಗದಿಂದ ತೆಗೆದುಹಾಕಿತು. ಮೈಸೂರಿನಲ್ಲಿ ಮಾತ್ರ ಅವಳ ಹೆಸರು ಹಾಗೇ ಉಳಿಯಿತು.

ಅವಳು ಇಲ್ಲಿಗೆ ಬಂದದ್ದು 1926ರ ಸುಮಾರಿಗೆ. ಮಹಾರಾಜರ ಕಾರ್ಯದರ್ಶಿಯಾಗಿದ್ದ ತಂಬು ಚೆಟ್ಟಿಯವರು ಪೋಪರ ಪ್ರತಿನಿಧಿಯಿಂದ ಅವಳ ಒಂದು ಅವಶೇಷವನ್ನು ಪಡೆದು ಇಲ್ಲಿನ ಪಾದ್ರಿಗೆ ಕೊಟ್ಟರು. ಅದಕ್ಕೊಂದು ದೊಡ್ಡ ಗುಡಿ ಬೇಕು ಎಂದು ಪಾದ್ರಿ ನಾಲ್ವಡಿ ಕೃಷ್ಣರಾಜ ಒಡೆಯರ ಬಳಿ ಹೋದರು. 1933ರ ಅಕ್ಟೋಬರ್ 28ರಂದು ಮಹಾರಾಜರೇ ಅಡಿಗಲ್ಲು ಹಾಕಿದರು. ಡಾಲಿ ಎಂಬ ಫ್ರೆಂಚ್ ವಾಸ್ತುಶಿಲ್ಪಿ ಜರ್ಮನಿಯ ಕಲೋನ್ ನಗರದ ಚರ್ಚನ್ನು ಮನಸ್ಸಿನಲ್ಲಿಟ್ಟು ನಕ್ಷೆ ಬರೆದ. ಗೋಪುರಗಳ ಎತ್ತರ 175 ಅಡಿ. ಅಂದರೆ ಹೆಸರು ಇಟಲಿಯದು, ಮಾದರಿ ಜರ್ಮನಿಯದು, ನಕ್ಷೆ ಫ್ರಾನ್ಸಿನವನದು, ಅಡಿಗಲ್ಲು ಚಾಮುಂಡಿಯ ಭಕ್ತರದು, ಜಾಗ ಪಾರಸಿ ಹೆಸರಿನ ಕೇರಿ. ಮುಂದಿನ ಸಲ ಹೋದಾಗ ಫೋಟೋ ತೆಗೆದುಕೊಂಡು ಹೊರಡಬೇಡಿ. ಒಳಗೆ ನೆಲಮಾಳಿಗೆಗೆ ಮೆಟ್ಟಿಲುಗಳಿವೆ, ಅಲ್ಲಿ ಮಲಗಿರುವ ಫಿಲೋಮಿನಾಳ ಪ್ರತಿಮೆ ಇದೆ.

ಚರ್ಚಿನಿಂದ ಪಶ್ಚಿಮಕ್ಕೆ ಮಂಡಿ ಮೊಹಲ್ಲಾ. ಅಲ್ಲಿ ಸಾಡೇ ರಸ್ತೆಯಲ್ಲಿ ಮೈಸೂರಿಗರು ‘ಮಿಷನ್ ಆಸ್ಪತ್ರೆ’ ಎನ್ನುವ ಕಟ್ಟಡವಿದೆ. ಪೂರ್ತಿ ಹೆಸರು ಮೇರಿ ಕಾಲ್ವರ್ಟ್ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ. 1906ರದು. ಗಂಡು ಡಾಕ್ಟರ ಮುಂದೆ ಬರಲು ಹೆಂಗಸರು ಹಿಂಜರಿಯುತ್ತಿದ್ದ ಕಾಲದಲ್ಲಿ ಹೆಂಗಸರು ಮಕ್ಕಳಿಗಾಗಿ ಶುರುವಾದದ್ದು. ಸುತ್ತಲಿನ ತಾಲ್ಲೂಕುಗಳ ಎಷ್ಟೋ ಜನರ ಹುಟ್ಟೂರು ಲೆಕ್ಕದಲ್ಲಿ ಈ ಆಸ್ಪತ್ರೆಯೇ.

ಈಗ ಅಶೋಕ ರಸ್ತೆಯಲ್ಲೇ ಹಿಂದಕ್ಕೆ, ದಕ್ಷಿಣಕ್ಕೆ ನಡೆಯಿರಿ. ಮಸೀದಿ ಎ ಆಜಮ್ ದಾಟಿ, ಗಾಂಧಿ ಚೌಕ ದಾಟಿದರೆ ಪುರಭವನ, ನಾವೆಲ್ಲ ‘ಟೌನ್ ಹಾಲ್’ ಅನ್ನುವ ಕಟ್ಟಡ. ಇದರ ನಿಜವಾದ ಹೆಸರು ರಂಗಾಚಾರ್ಲು ಸ್ಮಾರಕ ಭವನ. ಹತ್ತನೇ ಚಾಮರಾಜ ಒಡೆಯರು 1884ರಲ್ಲಿ ಅಡಿಗಲ್ಲು ಹಾಕಿದ್ದು. ಮುಂಭಾಗದ ಸಾಲು ಕಂಬಗಳು ಹಳೆಯ ಗ್ರೀಸ್, ರೋಮಿನ ಮಾದರಿಯವು. ನಾವು ಇಲ್ಲಿ ನಾಟಕ ನೋಡಿದ್ದೇವೆ, ಮುಂದಿನ ಅಂಬೇಡ್ಕರ್ ಪ್ರತಿಮೆಯ ಬಳಿ ಧರಣಿ ಕೂತವರ ವರದಿ ಬರೆದಿದ್ದೇವೆ. ರಂಗಾಚಾರ್ಲು ಯಾರು ಎಂದು ಕೇಳಿರಲಿಲ್ಲ.

1831ರಿಂದ ಐವತ್ತು ವರ್ಷ ಬ್ರಿಟಿಷರ ಕೈಯಲ್ಲಿದ್ದ ಮೈಸೂರು 1881ರಲ್ಲಿ ಒಡೆಯರಿಗೆ ವಾಪಸ್ ಬಂದಾಗ ದಿವಾನರಾದವರು ರಂಗಾಚಾರ್ಲು. ಅದೇ ವರ್ಷ ಅವರು ಪ್ರಜಾಪ್ರತಿನಿಧಿ ಸಭೆ ಕರೆದರು. ಮೊದಲ ಸಭೆ 1881ರ ಅಕ್ಟೋಬರ್ 7ರಂದು ಜಗನ್ಮೋಹನ ಅರಮನೆಯಲ್ಲಿ, 144 ಸದಸ್ಯರೊಂದಿಗೆ. ದಸರೆಯ ಹೊತ್ತಿಗೆ ಪ್ರತಿ ತಾಲ್ಲೂಕಿನಿಂದ ಒಬ್ಬಿಬ್ಬರು ರೈತರು, ಜಿಲ್ಲೆಗಳಿಂದ ಕೆಲವು ವರ್ತಕರು ಬಂದು, ಸರ್ಕಾರ ವರ್ಷದಲ್ಲಿ ಏನು ಮಾಡಿತು ಎಂದು ದಿವಾನರ ಬಾಯಿಂದಲೇ ಕೇಳಿ, ತಮ್ಮ ಊರಿನ ಕಷ್ಟ ಹೇಳಬಹುದಿತ್ತು. ಬಂದವರು ಜಮೀನು, ಪ್ರಭಾವ ಇದ್ದವರೇ, ಕೂಲಿಯವರಲ್ಲ, ಹೆಂಗಸರಂತೂ ಅಲ್ಲ. ಆಗ ಮತದಾನವೂ ಇರಲಿಲ್ಲ. ಆದರೂ ಭಾರತದ ಸಂಸ್ಥಾನಗಳಲ್ಲಿ ಇಂಥದ್ದು ಇದೇ ಮೊದಲು. ರಂಗಾಚಾರ್ಲು 1883ರ ಜನವರಿಯಲ್ಲಿ ತೀರಿಕೊಂಡರು. ಎರಡು ವರ್ಷದಷ್ಟೂ ದಿವಾನರಾಗಿರಲಿಲ್ಲ. ಸಭೆ 1949ರವರೆಗೆ ನಡೆಯಿತು. ಪ್ರಜೆಗಳ ಮಾತು ಕೇಳಬೇಕು ಅಂದ ದಿವಾನರ ಭವನದ ಮುಂದೆ ಇವತ್ತಿಗೂ ಜನ ಫಲಕ ಹಿಡಿದು ಕೂಗುತ್ತಿರುವುದು ನಮಗೆ ಸರಿಯಾದ ಜಾಗವೇ ಅನಿಸಿತು.

ಪಕ್ಕದಲ್ಲೇ ದೊಡ್ಡ ಗಡಿಯಾರ. ನಾಲ್ವಡಿಯವರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆ ಅರಮನೆಯ ನೌಕರರು 1927ರಲ್ಲಿ ಕಟ್ಟಿಸಿದ್ದು, 75 ಅಡಿ. ಮುಖದ ಮೇಲಿನ ಅಂಕಿಗಳು ಕನ್ನಡದವು. ನಮ್ಮಲ್ಲೊಬ್ಬಳಿಗೆ ೭ ಯಾವುದು ೬ ಯಾವುದು ಎಂದು ಹೇಳಲು ಸ್ವಲ್ಪ ಹೊತ್ತು ಬೇಕಾಯಿತು. ಹೆಸರು ಹೇಳುವುದಿಲ್ಲ.

ಇಲ್ಲಿಗೆ ಲಷ್ಕರ್ ಮುಗಿಯಿತು. ಆದರೂ ಹತ್ತು ನಿಮಿಷ ನಡೆದು ಚಿಕ್ಕ ಗಡಿಯಾರದ ಬಳಿ ದೇವರಾಜ ಮೊಹಲ್ಲಾದ ಲ್ಯಾನ್ಸ್‌ಡೌನ್ ಕಟ್ಟಡದವರೆಗೆ ಹೋದೆವು. ಅದನ್ನು ಬಿಟ್ಟು ಬರೆಯಲು ಮನಸ್ಸು ಬರಲಿಲ್ಲ. ವೈಸ್‌ರಾಯ್ ಲ್ಯಾನ್ಸ್‌ಡೌನ್ ಬಂದ ನೆನಪಿಗೆ 1892ರಲ್ಲಿ ಕಟ್ಟಿದ ಅಂಗಡಿಸಾಲು. ಹಳ್ಳಿಯಿಂದ ಬಂದು ಓದುವವರು ಹಳೆಯ ಪುಸ್ತಕ ಅರ್ಧ ಬೆಲೆಗೆ ಕೊಳ್ಳುತ್ತಿದ್ದದ್ದು ಇಲ್ಲಿಯೇ. 2012ರ ಆಗಸ್ಟ್ 25ರಂದು ಅದರ ಒಂದು ಭಾಗ ಕುಸಿದು ನಾಲ್ಕು ಜನ ಸತ್ತರು. 2016ರ ಆಗಸ್ಟ್ 28ರಂದು ಎದುರಿನ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. 2022ರ ಅಕ್ಟೋಬರಿನಲ್ಲಿ ಮಹಾರಾಣಿ ವಿಜ್ಞಾನ ಕಾಲೇಜಿನ ಹಳೆಯ ಕಟ್ಟಡದ ಭಾಗ ಬಿತ್ತು. ಈ ಎರಡು ಸಲ ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಕೆಡವಿ ಕಟ್ಟಬೇಕು ಎಂದು ಕೆಲವರು, ದುರಸ್ತಿ ಮಾಡಿ ಉಳಿಸಬೇಕು ಎಂದು ಕೆಲವರು. ವಾದ ಹೈಕೋರ್ಟಿನವರೆಗೆ ಹೋಯಿತು. ಮೈಸೂರಿನಲ್ಲಿ 129 ಕಟ್ಟಡಗಳನ್ನು ಪಾರಂಪರಿಕ ಎಂದು ಪಟ್ಟಿ ಮಾಡಿದ್ದಾರೆ. ಪಟ್ಟಿಗೆ ಸೇರಿದ ಮಾತ್ರಕ್ಕೆ ಕಟ್ಟಡ ನಿಲ್ಲುವುದಿಲ್ಲ ಎಂದು ಈ ಸುದ್ದಿಗಳನ್ನು ನೋಡಿದರೆ ಗೊತ್ತಾಗುತ್ತದೆ.

ಇಷ್ಟು ದಪ್ಪ ಗೋಡೆ ಯಾಕೆ ಬೀಳುತ್ತದೆ? ಇದು ನಿಮ್ಮ ಊರಿನ ಹಳೆಯ ತೊಟ್ಟಿಮನೆಗೂ ಸಂಬಂಧಿಸಿದ ವಿಷಯ, ಸ್ವಲ್ಪ ಬಿಡಿಸಿ ಹೇಳುತ್ತೇವೆ. ಈ ಕಾಲದ ಕಟ್ಟಡಗಳ ಗೋಡೆ ಇಟ್ಟಿಗೆ ಮತ್ತು ಸುಣ್ಣದ ಗಾರೆಯದು. ಬಹಳ ಕಡೆ ಚಾವಣಿ ‘ಮದ್ರಾಸ್ ತಾರಸಿ’. ಗೋಡೆಯಿಂದ ಗೋಡೆಗೆ ಮರದ ತೊಲೆ, ಅದರ ಮೇಲೆ ತೆಳುವಾದ ಇಟ್ಟಿಗೆಗಳನ್ನು ಅಡ್ಡಡ್ಡ ನಿಲ್ಲಿಸಿ ಗಾರೆಯಲ್ಲಿ ಕೂರಿಸಿ, ಮೇಲೆ ಇಟ್ಟಿಗೆ ಚೂರು ಸುಣ್ಣದ ಪದರ ಬಡಿಯುತ್ತಿದ್ದರು. ಸುಣ್ಣದ ಗೋಡೆ ಉಸಿರಾಡುತ್ತದೆ. ಮಳೆಗಾಲದಲ್ಲಿ ಹೀರಿದ ತೇವವನ್ನು ಬಿಸಿಲಿನಲ್ಲಿ ಬಿಟ್ಟುಬಿಡುತ್ತದೆ. ಅದರ ಮೇಲೆ ಸಿಮೆಂಟ್ ಬಳಿದರೆ ತೇವ ಒಳಗೇ ಕೂರುತ್ತದೆ, ಗಾರೆ ಪುಡಿಯಾಗುತ್ತದೆ. ಇನ್ನೊಂದು ಕಡೆ ತಾರಸಿಯ ನೀರಿನ ದೋಣಿ ಎಲೆ ಕಸದಿಂದ ಕಟ್ಟಿಕೊಂಡರೆ ನೀರು ಗೋಡೆಯೊಳಕ್ಕೆ ಇಳಿಯುತ್ತದೆ. ಮೊದಲು ಕೊಳೆಯುವುದು ಗೋಡೆಯೊಳಗೆ ಹುದುಗಿರುವ ತೊಲೆಯ ತುದಿ. ಅದು ಹೊರಗೆ ಕಾಣುವುದಿಲ್ಲ. ಮೇಲೆ ಹಕ್ಕಿ ತಂದ ಅರಳಿ ಬೀಜ ಬಿರುಕಿನಲ್ಲಿ ಮೊಳೆತರೆ ಅದರ ಬೇರು ಉಳಿದ ಕೆಲಸ ಮಾಡುತ್ತದೆ. ಜೊತೆಗೆ ಅಂಗಡಿ ಅಗಲವಾಗಲಿ ಎಂದು ಯಾರೋ ನಡುವಿನ ಗೋಡೆ ಒಡೆದಿದ್ದರೆ ಭಾರ ಹೊರುವವರೇ ಇಲ್ಲ. ವರ್ಷಕ್ಕೊಮ್ಮೆ ಮಳೆಗೆ ಮುಂಚೆ ತಾರಸಿ ಗುಡಿಸಿ, ದೋಣಿ ಬಿಡಿಸಿ, ಗಿಡ ಕೀಳುವುದಕ್ಕೆ ಕೋಟಿ ರೂಪಾಯಿ ಬೇಕಿಲ್ಲ. ಆದರೆ ಅಡಿಗಲ್ಲಿನ ಮೇಲೆ ಹೆಸರು ಬರೆಸಿಕೊಳ್ಳುವ ಅವಕಾಶ ಆ ಕೆಲಸದಲ್ಲಿ ಇಲ್ಲ. ಮೈಸೂರಿನ ಎಷ್ಟೋ ತಾರಸಿಗಳು ಅದಕ್ಕೇ ಸೋರುತ್ತಿವೆ ಎಂದು ನಮಗೆ ಅನುಮಾನ.

ನಮ್ಮಲ್ಲಿ ಒಬ್ಬನ ಊರಿನ ಮನೆಗೂ ಕಳೆದ ವರ್ಷ ಹಿತ್ತಲ ಗೋಡೆಗೆ ಸಿಮೆಂಟ್ ಬಳಿಸಿದ್ದರು. ಈ ನಡಿಗೆ ಮುಗಿಸಿ ಊರಿಗೆ ಹೋದವನು ಗೋಡೆಯನ್ನು ಬೆರಳಿನಲ್ಲಿ ತಟ್ಟಿ ನೋಡಿದನಂತೆ. ಎರಡು ಕಡೆ ಟೊಳ್ಳು ಸದ್ದು ಬಂತು. ಸುಣ್ಣದ ಗಾರೆ ಅರೆಯಲು ಬಲ್ಲ ಮೇಸ್ತ್ರಿಯನ್ನು ಅವನು ಈಗ ಹುಡುಕುತ್ತಿದ್ದಾನೆ. ನಿಮ್ಮ ಕಡೆ ಯಾರಾದರೂ ಇದ್ದರೆ ತಿಳಿಸಿ.

ಹೋಗಿ ನೋಡುವವರಿಗೆ ಒಂದು ಮಾತು. ಭಾನುವಾರ ಬೆಳಿಗ್ಗೆ ಏಳಕ್ಕೆ ಹೋಗಿ. ಅಂಗಡಿ ತೆರೆದಿರುವುದಿಲ್ಲ, ಆಟೋ ಕಡಿಮೆ. ಅಶೋಕ ರಸ್ತೆಯಲ್ಲಿ ಅಂಗಡಿ ಬೋರ್ಡಿನ ಮೇಲಿನ ಮಹಡಿ ನೋಡುತ್ತ ನಡೆಯಿರಿ. ಕೆಳಗೆಲ್ಲ ಗಾಜು, ಸ್ಟೀಲು. ಮೇಲೆ ಅಲ್ಲಲ್ಲಿ ಹಳೆಯ ಮರದ ಕಿಟಕಿ, ಗಾರೆಯ ಹೂಬಳ್ಳಿ ಇನ್ನೂ ಇವೆ. ಬಸ್ ನಿಲ್ದಾಣದಿಂದ ಹೊರಟು ಚರ್ಚ್ ಮುಟ್ಟಿ, ಟೌನ್ ಹಾಲಿನವರೆಗೆ ಬಂದು ಮತ್ತೆ ನಿಲ್ದಾಣ ಸೇರಲು, ನಡುವೆ ಒಂದು ಕಾಫಿ ಸೇರಿ, ನಮಗೆ ಮೂರು ಗಂಟೆ ಹಿಡಿಯಿತು. ಹತ್ತೂವರೆಯ ಬಸ್ಸು ಸಿಕ್ಕಿತು.